ವಿಠೋಬಾ ಗುಡಿಯ ವರ್ಗ

ಕುರುಬರ ವಾಡಾ, ಹಲಸಿ ಹತ್ತಿರ
16 ಆಗಸ್ಟ್ 2020

ಅಜ್ಜಾರಿಗೆ ಮಾಯಾಳ ನಮಸ್ಕಾರ.

ನೀವು ಕಲಿಸಿದಂತೆ ಪತ್ರದ ತಲೆಗೆ ಊರು, ತಾರೀಖು ಎರಡನ್ನೂ ಬರೆದಿದ್ದೇನೆ. ಫೋನು ಮಾಡಬೇಕೆಂದರೆ ಇಲ್ಲಿ ಗುಡ್ಡ ಹತ್ತಬೇಕು. ಹತ್ತಿದರೂ ಸಿಗ್ನಲ್ಲಿನ ಒಂದು ಕಡ್ಡಿ ಬಂದಂತೆ ಮಾಡಿ ಹೋಗಿಬಿಡುತ್ತದೆ.

ಮಾರ್ಚಿನಲ್ಲಿ ನಿಮ್ಮ ಗಲ್ಲಿಯವರೆಲ್ಲ ಕೆಲಸದವರು ಬರುವುದು ಬೇಡ ಎಂದಾಗ ಫಕೀರವ್ವ ಅತ್ತಿ ನನ್ನನ್ನೂ ಕರೆದುಕೊಂಡು ಊರಿಗೆ ಬಂದಳಲ್ಲ, ಅಂದಿನಿಂದ ಇಲ್ಲಿಯೇ ಇದ್ದೇವೆ. ಅತ್ತಿ ನಿಮ್ಮ ಮನೆಯ ಭಾಂಡೆ ತಿಕ್ಕಿ ಮುಗಿಸುವವರೆಗೆ ನಾನು ಪಡಸಾಲೆಯಲ್ಲಿ ಕುಳಿತು ನಿಮಗೆ ಪೇಪರು ಓದಿ ಹೇಳುತ್ತಿದ್ದೆ. ಈಗ ಇಲ್ಲಿ ಪೇಪರೂ ಇಲ್ಲ, ಕೇಳುವವರೂ ಇಲ್ಲ.

ಜುಲೈಯಲ್ಲಿ ಅಪ್ಪ ಬೆಳಗಾವಿ ಶಾಲೆಯಿಂದ ಟಿಸಿ ತಂದು ಇಲ್ಲಿಯ ಹೈಸ್ಕೂಲಿಗೆ, ಹತ್ತನೆಯ ವರ್ಗಕ್ಕೆ ನನ್ನ ಹೆಸರು ಹಚ್ಚಿದ. ಶಾಲೆಗೆ ಬೀಗ. ಟಿವಿಯಲ್ಲಿ ಪಾಠ ಬರುತ್ತದೆ ಎಂದರು. ವಾಡಾದಲ್ಲಿ ಟಿವಿ ಇರುವುದು ಒಂದೇ ಮನೆಯಲ್ಲಿ. ಪಾಠದ ಹೊತ್ತಿಗೆ ಅಲ್ಲಿ ಕರೆಂಟ್ ಇರುವುದಿಲ್ಲ, ಕರೆಂಟ್ ಇದ್ದಾಗ ಧಾರಾವಾಹಿ ಇರುತ್ತದೆ.

ಈ ತಿಂಗಳಿಂದ ವಿದ್ಯಾಗಮ ಶುರುವಾಗಿ ಶಿಕ್ಷಕರೇ ಊರೂರಿಗೆ ಬರುತ್ತಿದ್ದಾರೆ. ನಮಗೆ ಗಣಿತದ ನೇತ್ರಾ ಅಕ್ಕೋರು ಬರುತ್ತಾರೆ. ಹಳ್ಳದ ಆಚೆ ಸ್ಕೂಟಿ ನಿಲ್ಲಿಸಿ, ಚಪ್ಪಲಿ ಕೈಯಲ್ಲಿ ಹಿಡಿದು ನೀರು ದಾಟುತ್ತಾರೆ. ವಿಠೋಬಾ ಗುಡಿಯ ಪಡಸಾಲೆಯಲ್ಲಿ ವರ್ಗ. ಮರಾಠಿ ಮೀಡಿಯಂ ಮಕ್ಕಳೂ ನಮ್ಮ ಜೊತೆಗೇ ಕೂರುತ್ತಾರೆ. ನನ್ನ ಬಾಜು ರುಕ್ಮಾ, ಎಮ್ಮೆ ಸಾಕುವ ಗವಳಿಗರ ಹುಡುಗಿ, ಮರಾಠಿ ಮೀಡಿಯಂ. ಅವಳೂ ಹತ್ತನೆಯ ವರ್ಗ.

ಅಜ್ಜಾರ, ನಿಮಗೆ ತಿಳಿಸಬೇಕೆನ್ನಿಸಿತು. ಅಕ್ಕೋರು ಗಣಿತವನ್ನು ಮರಾಠಿಯಲ್ಲಿ ಹೇಳುತ್ತಾರೆ. ಕನ್ನಡದ ಮಕ್ಕಳು ಸುಮ್ಮನೆ ಕೂತಿರುತ್ತೇವೆ.

ಗಂಗಾದೇವಿ ಅಮ್ಮಾರ ಮೊಣಕಾಲು ನೋವು ಹೇಗಿದೆ?

ಮಾಯಾ ಕರೆಪ್ಪ

*

ಹಿಂದವಾಡಿ, ಬೆಳಗಾವಿ
24 ಆಗಸ್ಟ್ 2020

ಮಗಳೇ ಮಾಯಾ,

ನಿನ್ನ ಪತ್ರವನ್ನು ಮೊದಲು ನಾನು ಓದಿದೆ, ನಂತರ ಗಂಗಾದೇವಿಗೆ ಓದಿ ಹೇಳಿದೆ. ಅವಳ ಮೊಣಕಾಲು ಇದ್ದಲ್ಲೇ ಇದೆ. ನನ್ನ ರಕ್ತದೊತ್ತಡ ಮಾತ್ರ ನಿನ್ನ ಕೊನೆಯ ಸಾಲುಗಳನ್ನು ಓದಿದ ಮೇಲೆ ಏರಿದೆ.

ನಮ್ಮ ಮೊಮ್ಮಗಳು ಸಮೃದ್ಧಿಯೂ ನಿನ್ನಂತೆ ಹತ್ತನೆಯ ವರ್ಗ. ಅವಳಿಗೊಂದು ಕೋಣೆ, ಒಂದು ಲ್ಯಾಪ್‌ಟಾಪು, ಗಳಿಗೆಗೊಮ್ಮೆ ಬಾದಾಮಿ ಹಾಲು. ಮೊನ್ನೆ ಇಣುಕಿ ನೋಡಿದರೆ ಹುಡುಗಿ ಹೊದ್ದುಕೊಂಡು ಮಲಗಿದ್ದಾಳೆ. "ಯಾಕವಾ, ಪಾಠ ಮುಗೀತೇನು?" ಎಂದೆ. "ನಡದೈತಿ ಅಜ್ಜಾ, ನಾ ಮ್ಯೂಟ್ ಅದೀನಿ" ಎಂದಳು. ಇವಳಿಗೆ ಪಾಠ ಮನೆಗೆ ಬಂದರೂ ಬೇಡ, ನಿನಗೆ ಬೇಕೆಂದರೂ ಗುಡ್ಡ ಹತ್ತಬೇಕು. ಒಂದು ಮಗುವೂ ಕಲಿಕೆಯಿಂದ ಹೊರಗುಳಿಯದು ಎಂದು ಟಿವಿಯಲ್ಲಿ ಹೇಳುವವರು ನಿಮ್ಮ ಹಳ್ಳವನ್ನು ಒಮ್ಮೆ ದಾಟಿ ನೋಡಲಿ.

ಅಷ್ಟಾದರೂ ಸಹಿಸಬಹುದು. ಆದರೆ ಕನ್ನಡ ಶಾಲೆಯ ಶಿಕ್ಷಕಿ ಕನ್ನಡದ ಮಕ್ಕಳನ್ನು ಸುಮ್ಮನೆ ಕೂರಿಸಿ ಮರಾಠಿಯಲ್ಲಿ ಪಾಠ ಮಾಡುವುದೆಂದರೇನು? ನಾನು ಇದೇ ಊರಿನಲ್ಲಿ ಮೂರನೆಯ ವರ್ಗದಲ್ಲಿದ್ದಾಗ, ನೀರು ಕುಡಿಯಲು ಹೋಗಲೇ ಎಂದು ಕನ್ನಡದಲ್ಲಿ ಕೇಳಿದ್ದಕ್ಕೆ ಇಡೀ ವರ್ಗ ನಕ್ಕಿತ್ತು. ಗುರುಗಳೂ ನಕ್ಕರು. ನಾನು ನೀರು ಕುಡಿಯದೆ ಮನೆಗೆ ಬಂದೆ. ಆ ಬಾಯಾರಿಕೆ ಇನ್ನೂ ಹೋಗಿಲ್ಲ. ಎಂಬತ್ತರ ದಶಕದ ಮೆರವಣಿಗೆಯಲ್ಲಿ ಪೊಲೀಸರ ಲಾಠಿ ಬಿದ್ದದ್ದು ನನ್ನ ಎಡಗೈಗೆ. ಕೋರ್ಟಿನಲ್ಲಿ ಭಾಷಾಂತರಕಾರನಾಗಿ ಎಷ್ಟೋ ವರ್ಷ ಮರಾಠಿ ಕಾಗದಗಳನ್ನು ಕನ್ನಡಕ್ಕೆ ತಂದವನು ನಾನು. ಮರಾಠಿಯ ಮೇಲೆ ನನಗೆ ದ್ವೇಷವಿಲ್ಲ. ಕನ್ನಡದ ಮಗುವಿನ ಬಾಯಿ ಮುಚ್ಚಿಸುವುದರ ಮೇಲೆ ಇದೆ.

ಇನ್ನಷ್ಟು ವಿವರ ಬರೆ. ಪ್ರತಿದಿನ ಹೀಗೆಯೇ ನಡೆಯುತ್ತದೆಯೇ? ಉಳಿದ ಕನ್ನಡದ ಮಕ್ಕಳು ಏನೆನ್ನುತ್ತಾರೆ?

ಬಸಲಿಂಗಪ್ಪ ಅಜ್ಜ

*

ಕುರುಬರ ವಾಡಾ
2 ಸೆಪ್ಟೆಂಬರ್ 2020

ಅಜ್ಜಾರಿಗೆ,

ಇಷ್ಟು ಉದ್ದದ ಪತ್ರ ನನಗೆ ಯಾರೂ ಬರೆದಿಲ್ಲ. ಹಟ್ಟಿಯ ಹಿಂದೆ ಕುಳಿತು ಮತ್ತೆ ಮತ್ತೆ ಓದಿದೆ. ರುಕ್ಮಾಳಿಗೂ ಓದಿ ಹೇಳಿದೆ, ಮರಾಠಿಯ ಮಾತು ಬಿಟ್ಟು. ಸಮೃದ್ಧಿ ಮ್ಯೂಟ್ ಆಗಿದ್ದನ್ನು ಕೇಳಿ ಅವಳು ನಕ್ಕು ಉರುಳಾಡಿದಳು. "ನಮ್ಮ ಎಮ್ಮಿನೂ ಮ್ಯೂಟ್ ಮಾಡಾಕ ಬರ್ತದೇನ ಕೇಳ ನಿಮ್ಮ ಅಜ್ಜಾಗ" ಎಂದಳು.

ನೀವು ಕೇಳಿದ್ದಕ್ಕೆ: ಹೌದು, ಪ್ರತಿದಿನ ಮರಾಠಿ ಇರುತ್ತದೆ. ನಿನ್ನೆ ಸಮಾಂತರ ಶ್ರೇಢಿ ಹೇಳಿದರು. ಮರಾಠಿ ಮಕ್ಕಳು ಬೇಗ ಉತ್ತರ ಹೇಳಿದರು. ನಮ್ಮ ಪೈಕಿ ಒಬ್ಬ ಹುಡುಗ "ನಮಗೂ ಹೇಳ್ರಿ ಅಕ್ಕೋರ" ಎಂದ. ನನಗೂ ಬೇಸರವಾಯಿತು.

ನೀವು ಹೀಗೆಯೇ ಬರೆಯುತ್ತಿರಿ.

ಮಾಯಾ

*

ಹಿಂದವಾಡಿ
14 ಸೆಪ್ಟೆಂಬರ್ 2020

ಮಗಳೇ,

ಇದರೊಂದಿಗೆ ಪತ್ರಿಕೆಯ ತುಣುಕು ಇಟ್ಟಿದ್ದೇನೆ. ಓದುಗರ ಪತ್ರಗಳ ಅಂಕಣದಲ್ಲಿ ಮೊದಲನೆಯದೇ ನನ್ನದು. "ಹಲಸಿ ಭಾಗದ ವಾಡಾವೊಂದರಲ್ಲಿ ಕನ್ನಡ ಮಾಧ್ಯಮದ ಗಣಿತ ಶಿಕ್ಷಕಿ ಮಕ್ಕಳಿಗೆ ಮರಾಠಿಯಲ್ಲಿ ಪಾಠ ಮಾಡುತ್ತಿದ್ದಾರೆಂದು ವಿದ್ಯಾರ್ಥಿನಿಯೊಬ್ಬಳು ನನಗೆ ಬರೆದಿದ್ದಾಳೆ. ಹುದ್ದೆ ಕನ್ನಡದ್ದು, ಪಾಠ ಮಾತ್ರ ಮರಾಠಿಯದ್ದು!" ಆ ಸಾಲನ್ನು ಅವರು ದಪ್ಪಕ್ಷರದಲ್ಲಿ ಹಾಕಿದ್ದಾರೆ. ಬೆಳಗಿನಿಂದ ಫೋನು ನಿಂತಿಲ್ಲ. ಹಳೆಯ ಗೆಳೆಯರು "ಬಸಲಿಂಗಪ್ಪ, ಇನ್ನೂ ಧಾರ ಐತಿ ನಿನ್ನ ಪೆನ್ನಿಗೆ" ಎನ್ನುತ್ತಿದ್ದಾರೆ.

ನಿನ್ನ ಹೆಸರು ಎಲ್ಲಿಯೂ ಬರೆದಿಲ್ಲ, ಹೆದರಬೇಡ. ಇನ್ನು ನಿನ್ನ ಬಾಯಿ ಮುಚ್ಚಿಸುವವರಿಲ್ಲ.

ಅಜ್ಜ

*

ಕುರುಬರ ವಾಡಾ
30 ಸೆಪ್ಟೆಂಬರ್ 2020

ಅಜ್ಜಾರಿಗೆ ನಮಸ್ಕಾರ.

ತುಣುಕು ಮುಟ್ಟಿತು. ಅಪ್ಪ ಅದನ್ನು ಪೋಸ್ಟ್‌ಮನ್‌ನಿಂದಲೇ ಓದಿಸಿ ಕೇಳಿದ. ಕೆಲ ದಿನದಿಂದ ವರ್ಗ ಇಲ್ಲ. ಮಳೆಯೂ ಇದೆ.

ಅಮ್ಮಾರಿಗೆ ನಮಸ್ಕಾರ ಹೇಳಿರಿ.

ಮಾಯಾ

*

ಹಿಂದವಾಡಿ
20 ಅಕ್ಟೋಬರ್ 2020

ಮಾಯಾ,

ನಿನ್ನ ಪತ್ರ ಇಷ್ಟು ಗಿಡ್ಡವಾಗಿದ್ದೇಕೆ? ಪತ್ರಿಕೆಯಲ್ಲಿ ಬಂತೆಂದು ನಾಚಿಕೊಂಡಿರಬೇಕು. ನಾಚುವುದೇನೂ ಇಲ್ಲ.

ವರ್ಗ ನಿಂತಿದೆ ಎಂದು ಬರೆದಿದ್ದೆ. ಈಗ ಸರಕಾರವೇ ಇಡೀ ರಾಜ್ಯದಲ್ಲಿ ವಿದ್ಯಾಗಮವನ್ನು ನಿಲ್ಲಿಸಿದೆ. ಅಲ್ಲಲ್ಲಿ ಮಕ್ಕಳಿಗೆ, ಶಿಕ್ಷಕರಿಗೆ ಕೊರೊನಾ ಬಂದ ಸುದ್ದಿ ಹಬ್ಬಿದ್ದೇ ತಡ, ಕೈ ತೊಳೆದುಕೊಂಡುಬಿಟ್ಟರು. ಮದುವೆ ಮಂಟಪ ತೆರೆದಿದೆ, ಬಾರು ತೆರೆದಿದೆ, ಚುನಾವಣೆಯ ಸಭೆಯೂ ನಡೆಯುತ್ತದೆ. ಗುಡಿಯ ಪಡಸಾಲೆಯಲ್ಲಿ ಹತ್ತು ಮಕ್ಕಳು ಕೂತರೆ ಮಾತ್ರ ರೋಗ! ನಿನ್ನ ವರ್ಗವನ್ನು ನಿಲ್ಲಿಸಿದ್ದು ಇದೇ ಧೋರಣೆ. ಇದರ ಬಗ್ಗೆಯೂ ಬರೆಯಲಿದ್ದೇನೆ.

ಫಕೀರವ್ವನಿಗೆ ಹೇಳು, ಪಾತ್ರೆ ತೊಳೆಯುವ ಯಂತ್ರ ತಂದಿದ್ದಾನೆ ನಮ್ಮ ಮಗ. ಗಂಗಾದೇವಿಗೆ ಅದು ಸೇರಿಲ್ಲ, ಆದರೂ ರೂಢಿಯಾಗುತ್ತಿದೆ. ಹಾಗಾಗಿ ಫಕೀರವ್ವನನ್ನು ಸದ್ಯಕ್ಕೆ ಕರೆಸುವುದು ಬೇಡವೆಂದು ಮನೆಯಲ್ಲಿ ತೀರ್ಮಾನ.

ನೀನು ಓದು ಬಿಡಬೇಡ.

ಅಜ್ಜ

*

ಹಿಂದವಾಡಿ
11 ಜನವರಿ 2021

ಮಾಯಾ,

ದೀಪಾವಳಿಗೆ ಬರೆದೆ, ಉತ್ತರವಿಲ್ಲ. ಡಿಸೆಂಬರಿನಲ್ಲಿ ಬರೆದೆ, ಉತ್ತರವಿಲ್ಲ. ಹೊಸ ವರ್ಷದ ಮೊದಲ ದಿನದಿಂದಲೇ ಹತ್ತನೆಯ ವರ್ಗಕ್ಕೆ ಶಾಲೆ ತೆರೆದಿದೆ. ನೀನು ಹೋಗುತ್ತಿದ್ದೀಯೋ ಇಲ್ಲವೋ ಅಷ್ಟನ್ನಾದರೂ ಒಂದು ಕಾರ್ಡಿನಲ್ಲಿ ಬರೆಯಬಾರದೇ?

ಕಠೋರವಾಗಿ ಹೇಳುತ್ತೇನೆ, ಬೇಸರಿಸಬೇಡ. ಬಡತನ ಅಡ್ಡಿ ನಿಜ. ಆದರೆ ಆಲಸ್ಯ ಬಡತನಕ್ಕಿಂತ ದೊಡ್ಡ ಅಡ್ಡಿ. ನಿನಗಾಗಿ ನಾನು ಊರೆಲ್ಲರೊಂದಿಗೆ ಜಗಳಾಡಿದೆ. ನೀನು ಒಂದು ಹಾಳೆ ಬರೆಯಲಾರೆ ಎಂದರೆ ಹೇಗೆ?

ಬಸಲಿಂಗಪ್ಪ

*

28 ಜನವರಿ 2021

ಅಜ್ಜಾರಿಗೆ ನಮಸ್ಕಾರ.

ತಪ್ಪಾಯಿತು. ಶಾಲೆಗೆ ಹೋಗುತ್ತಿದ್ದೇನೆ. ಅಭ್ಯಾಸ ಚೆನ್ನಾಗಿ ನಡೆದಿದೆ. ಅಭ್ಯಾಸ ಬಹಳ ಇರುವುದರಿಂದ ಬರೆಯಲು ಆಗಲಿಲ್ಲ. ಅಮ್ಮಾರು ತುಳಸಿಗೆ ನೀರು ಹಾಕಲು ಬಗ್ಗಬಾರದು, ನೋವು ಹೆಚ್ಚಾಗುತ್ತದೆ.

ಮಾಯಾ

*

ಹಿಂದವಾಡಿ
15 ಫೆಬ್ರವರಿ 2021

ಮಾಯಾ,

ಈ ಪತ್ರವನ್ನು ಸಮೃದ್ಧಿಯ ಕೈಯಲ್ಲಿ ಕಳಿಸುತ್ತಿದ್ದೇನೆ. ಅಂಚೆಯ ಅಗತ್ಯವಿಲ್ಲವೆಂದು ಈಗ ಗೊತ್ತಾಗಿದೆ.

ನಿನ್ನೆ ಅವಳು ಹೊರಗಿನಿಂದ ಬಂದು ಹೇಳಿದಳು: "ಅಜ್ಜಾ, ನಿಮ್ಮ ಮಾಯಾ ಹಿಂದಿನ ಗಲ್ಲ್ಯಾಗ ಕಾರು ತೊಳ್ಯಾಕತ್ತಾಳ." ನಾನು ಅವಳನ್ನೇ ಗದರಿಸಿದೆ. "ಹುಚ್ಚೀ, ಆಕಿ ಖಾನಾಪುರದ ಅಡವ್ಯಾಗ ಸಾಲಿ ಕಲ್ಯಾಕತ್ತಾಳ. ಮಾಸ್ಕ್ ಹಾಕ್ಕೊಂಡ್ರ ಎಲ್ಲಾರೂ ಒಂದ ಥರಾ ಕಾಣ್ತಾರ." ಹುಡುಗಿ ಸುಮ್ಮನಾಗಲಿಲ್ಲ. "ನಾ ಹೆಸರ ಹಿಡದು ಕರದ್ನಿ. ತಿರುಗಿ ನೋಡಿ ಒಳಗ ಓಡಿಹೋದ್ಲು."

ಆಗ ನಿನ್ನ ಕೊನೆಯ ಪತ್ರವನ್ನು ತೆಗೆದು ನೋಡಿದೆ. ತಲೆಗೆ ಊರಿನ ಹೆಸರಿಲ್ಲ. ಲಕೋಟೆಯ ಮೇಲೆ ಬೆಳಗಾವಿಯ ಮುದ್ರೆ. ಗಂಗಾದೇವಿ ತುಳಸಿಗೆ ಬಗ್ಗುವುದನ್ನು ನೀನು ಬೇಲಿಯ ಆಚೆಯಿಂದ ನೋಡಿರಬೇಕು.

ಸಂಜೆ ಆ ಮನೆಯ ಮುಂದೆ ಹೋಗಿ ನಿಂತೆ. ನೀನು ಮೇಲೆ ಬಟ್ಟೆ ಒಣಹಾಕುತ್ತಿದ್ದೆ. ಕೂಗಬೇಕೆಂದು ಬಾಯಿ ತೆರೆದೆ. ನಾನು ಬರೆದ ಆಲಸ್ಯದ ಮಾತು ನೆನಪಾಗಿ ತಿರುಗಿ ಮನೆಗೆ ಬಂದೆ.

ಏಕೆ ಮಗಳೇ? ನಮ್ಮ ಮನೆಗೆ ಏಕೆ ಬರಲಿಲ್ಲ?

ಅಜ್ಜ

*

ಹಿಂದವಾಡಿ
21 ಫೆಬ್ರವರಿ 2021

ಅಜ್ಜಾರಿಗೆ,

ಊರಿನ ಹೆಸರು ಬರೆದಿದ್ದೇನೆ.

ನಿಮ್ಮ ಮನೆಗೆ ಯಂತ್ರ ಬಂದಿದೆ ಎಂದು ಬರೆದಿದ್ದಿರಿ. ಅತ್ತಿ ಹಿಂದಿನ ಗಲ್ಲಿಯಲ್ಲಿ ಕೆಲಸ ಹಿಡಿದಳು. ಅವಳೊಬ್ಬಳಿಂದ ಆಗುವುದಿಲ್ಲವೆಂದು ದೀಪಾವಳಿಗೆ ಮುಂಚೆ ನನ್ನನ್ನೂ ಕರೆದುಕೊಂಡು ಬಂದಳು. ವಾಡಾಕ್ಕೆ ಬಂದ ನಿಮ್ಮ ಪತ್ರಗಳನ್ನು ಅಪ್ಪ ಇಲ್ಲಿಗೆ ಕಳಿಸುತ್ತಿದ್ದ. ಸಂತೆ ನಿಂತು ಅಪ್ಪನ ಕುರಿ ಮಾರಾಟವಾಗಿರಲಿಲ್ಲ. ಆದರೆ ಅದೊಂದೇ ಕಾರಣವಲ್ಲ. ನಿಮಗೆ ಹೇಳಬಾರದೆಂದು ಮಾಡಿದ್ದೆ.

ನಿಮ್ಮ ಪತ್ರ ಪೇಪರಿನಲ್ಲಿ ಬಂದ ಮೇಲೆ ವಾಡಾಕ್ಕೆ ಜೀಪು ಬಂತು. ಶಿಕ್ಷಣ ಇಲಾಖೆಯ ಸಾಹೇಬರು ಗುಡಿಯ ಮುಂದೆ ನಿಂತು "ಮರಾಠಿಯೊಳಗ ಪಾಠಾ ಮಾಡ್ತೀರಂತಲ್ಲ?" ಎಂದರು. ಅಕ್ಕೋರು ಹೇಳಿದರು: "ಎರಡೂ ಭಾಷಾದಾಗ ಹೇಳ್ತೇನ್ರಿ. ಮರಾಠಿ ಮಕ್ಕಳ ಸರ್‌ಗೆ ಸಕ್ಕರಿ ಬ್ಯಾನಿ ಐತ್ರಿ, ಹೊರಗ ಬರೂಹಂಗಿಲ್ಲ. ನಾ ಹಳ್ಳಾ ದಾಟಿ ಬಂದ ಮ್ಯಾಲ ಅರ್ಧಾ ಮಕ್ಕಳ್ನ ಎದ್ದ ಹೋಗ್ರಿ ಅಂತ ಹೆಂಗನ್ಲಿ?" ಸಾಹೇಬರು, ನಿಮ್ಮ ಮಕ್ಕಳಿಗಷ್ಟೇ ಹೇಳಿರಿ, ಅವರನ್ನು ಅವರ ಶಾಲೆಯವರು ನೋಡಿಕೊಳ್ಳುತ್ತಾರೆ ಎಂದು ಹೇಳಿ, ಹಾಗೆಯೇ ಬರೆಸಿಕೊಂಡು ಹೋದರು.

ಮರುದಿನ ರುಕ್ಮಾಳ ಅಪ್ಪ, ಇನ್ನೂ ನಾಲ್ಕು ಮಂದಿ ಬಂದರು. "ನಮ್ಮ ಗುಡ್ಯಾಗಿಂದ ನಮ್ಮ ಮಕ್ಕಳ್ನ ಎಬ್ಬಿಸಿ ಬ್ಯಾರೇದವರ್ನ ಕುಂದರ್ಸೂದೇನು? ಹಂಗಾದ್ರ ಯಾರದೂ ಬ್ಯಾಡ" ಎಂದು ಪಡಸಾಲೆಗೆ ಬೇಲಿ ಹಾಕಿದರು. ವರ್ಗ ನಿಂತಿದ್ದು ಅಂದೇ. ಸರಕಾರ ನಿಲ್ಲಿಸಿದ್ದು ಆಮೇಲೆ. ಅಕ್ಕೋರನ್ನು ಗಡಿಯ ಚೆಕ್‌ಪೋಸ್ಟಿಗೆ ಕೊರೊನಾ ಕೆಲಸಕ್ಕೆ ಹಾಕಿದರು.

ಬೆಳಗಾವಿಯಿಂದ ಪತ್ರ ಬರುವುದು ಯಾರಿಗೆ ಎಂದು ಪೋಸ್ಟ್‌ಮನ್‌ಗೆ ಗೊತ್ತು, ವಾಡಾಕ್ಕೂ ಗೊತ್ತು. ನನ್ನನ್ನು ಕಂಡರೆ "ಬಂದ್ಲ ನೋಡ್ರಿ ಪೇಪರಿನಾಕಿ" ಎನ್ನುತ್ತಿದ್ದರು. ಜನವರಿಯಲ್ಲಿ ಶಾಲೆ ತೆರೆದಾಗ ಅಪ್ಪ "ಅತ್ತಿ ಕೂಡ ಅಲ್ಲೇ ಇರು. ಇಲ್ಲಿ ನಿನ್ನ ಹೆಸರು ತಣ್ಣಗಾಗಲಿ" ಎಂದ.

ವರ್ಗ ನಿಂತ ಮೇಲೆ ಗೊತ್ತುಮಾಡಿದ್ದ ರುಕ್ಮಾಳ ಮದುವೆ ಈ ತಿಂಗಳು ಆಯಿತು. ಅವಳಿಗೆ ಹದಿನಾರು. ಅವಳ ಅವ್ವ ನಮ್ಮ ಅವ್ವನ ಮುಂದೆ "ಸಾಲಿ ಇದ್ದಿದ್ರ ಇನ್ನೊಂದ ವರ್ಸ ತಡೀತಿದ್ವಿ" ಎಂದಳಂತೆ.

ನಿಮ್ಮ ಮನೆಗೆ ಬಂದರೆ ನೀವು ಓದಿನ ಬಗ್ಗೆ ಕೇಳುತ್ತಿದ್ದಿರಿ. ಅದಕ್ಕೆ ಬರಲಿಲ್ಲ.

ಮಾಯಾ

*

ಹಿಂದವಾಡಿ
8 ಮಾರ್ಚ್ 2021

ಮಗಳೇ,

ನಿನ್ನ ಪತ್ರಕ್ಕೆ ಹದಿನೈದು ದಿನ ಉತ್ತರಿಸಲು ಆಗಲಿಲ್ಲ. ಎಲ್ಲಕ್ಕೂ ತಕ್ಷಣ ಉತ್ತರ ಬರೆಯುವವನೆಂದು ಹೆಸರಾದವನು ನಾನು.

ಮೊನ್ನೆ ಯಾರಿಗೂ ಹೇಳದೆ ಬಸ್ಸು ಹತ್ತಿ ನಿನ್ನ ಹೈಸ್ಕೂಲಿಗೆ ಹೋಗಿದ್ದೆ. ನೇತ್ರಾ ಅಕ್ಕೋರು ವಾಪಸು ಬಂದಿದ್ದಾರೆ. ಮೂವತ್ತೈದರ ಒಳಗಿನ ಹೆಣ್ಣುಮಗಳು, ಸೀಮೆಸುಣ್ಣದ ಪುಡಿ ಹತ್ತಿದ ಕೈ. ಪಾರಿಶ್ವಾಡದವರಂತೆ, ಮನೆಯಲ್ಲಿ ಅಚ್ಚ ಕನ್ನಡ. ನಾನು ಪತ್ರಿಕೆಗೆ ಬರೆಯುವಾಗ ಕಣ್ಣ ಮುಂದೆ ತಂದುಕೊಂಡಿದ್ದ ಹೆಂಗಸು ಇವರಲ್ಲ. ಅಂಥವಳು ಎಲ್ಲಿಯೂ ಇರಲಿಲ್ಲ.

"ನಾ ಮಾಯಾನ ಕಡಿಯಾಂವ್ರಿ, ಹಿಂದವಾಡಿಯಿಂದ ಬಂದೇನಿ" ಎಂದೆ. ಅವರ ಮುಖ ಅರಳಿತು. "ಬರ್ರಿ, ಕುಂದರ್ರಿ. ಹೆಂಗದಾಳ್ರಿ ನಮ್ಮ ಹುಡುಗಿ? ಆಕಿ ಹೆಸರ ಪರೀಕ್ಷಾಕ್ಕ ಕಳಿಸೇನ್ರಿ ನಾ. ಅವರ ಅಪ್ಪನ ಸಹಿ ತರಾಕ ನಾನ ವಾಡಾಕ್ಕ ಹೋಗಿದ್ದೆ. ಬಂದು ಬರದ್ರ ಸಾಕ್ರಿ, ಹಾಜರಿ ನಾವು ನೋಡ್ಕೋತೇವಿ. ಈ ವರ್ಸ ಯಾರ ಹಾಜರಿ ಯಾರ ಕೇಳ್ತಾರ?"

ಅವರ ಗಣಿತವನ್ನು ಅಷ್ಟು ಹಚ್ಚಿಕೊಂಡಿದ್ದ ಮಗು ಏಕೆ ಊರು ಬಿಟ್ಟು ಹೋಯಿತೆಂದು ಅವರೇ ಹೇಳತೊಡಗಿದರು. "ಯಾರೋ ಶಾಣ್ಯಾರು ಪೇಪರಿಗೆ ಬರದ್ರಂತ್ರಿ. ನನಗ ಸಿಟ್ಟಿಲ್ರಿ. ಆದ್ರ ಆ ಮನುಷ್ಯಾ ಒಂದ ಸಲ ಬಂದ ನೋಡಿದ್ರ ಸಾಕಾಗಿತ್ತು. ಬಸ್ಸು ಅವರೂರಿಗೂ ಇದ್ದಽ ಇರ್ತಾವಲ್ರಿ?"

ಚಹಾ ತರಿಸಿದರು. ಕುಡಿದೆ. ಹೆಸರು ಹೇಳಲಿಲ್ಲ. ಅವರು ಕೇಳಲೂ ಇಲ್ಲ. ಗೇಟಿನವರೆಗೆ ಬಂದು "ಸಾವಕಾಶ ಹೋಗ್ರಿ ಅಜ್ಜಾರ" ಎಂದು ಕಳಿಸಿದರು. ಜೀವಮಾನವೆಲ್ಲ ಎದ್ದು ನಿಂತು ಮಾತಾಡಿದವನು ಅಂದು ಚಹಾದ ಕಪ್ಪಿನ ಹಿಂದೆ ಅಡಗಿಕೊಂಡೆ. ಇದನ್ನು ನಿನಗಲ್ಲದೆ ಯಾರಿಗೂ ಹೇಳಿಲ್ಲ, ಗಂಗಾದೇವಿಗೂ.

ಆ ಮನೆಯವರೊಂದಿಗೆ ಮಾತಾಡಿದ್ದೇನೆ. ಮಧ್ಯಾಹ್ನದ ಮೇಲೆ ನಿನಗೆ ಬಿಡುವು ಕೊಡುತ್ತಾರೆ. ಸಮೃದ್ಧಿ ತನ್ನ ಗಣಿತ ತನಗೂ ತಿಳಿದಿಲ್ಲ, ಇಬ್ಬರೂ ಕೂಡಿ ಕಲಿಯೋಣ ಎನ್ನುತ್ತಾಳೆ. ಬಾ. ನಾನು ಏನೂ ಕೇಳುವುದಿಲ್ಲ.

ಅಜ್ಜ

*

ಕುರುಬರ ವಾಡಾ
27 ಜೂನ್ 2021

ಅಜ್ಜಾರಿಗೆ ನಮಸ್ಕಾರ.

ಏಪ್ರಿಲಿನಲ್ಲಿ ಎರಡನೆಯ ಅಲೆ ಬಂದು ಆ ಮನೆಯವರೂ ಬರಬೇಡಿ ಎಂದ ಮೇಲೆ ಮತ್ತೆ ಊರಿಗೆ ಬಂದಿದ್ದೇವೆ. ನಿಮ್ಮ ಮನೆಯಲ್ಲಿ ನಾನು ಕಲಿತದ್ದು ತ್ರಿಕೋನಮಿತಿಯವರೆಗೆ. ಅದರ ಮುಂದಿನದು ಸಮೃದ್ಧಿಗೂ ಬರುತ್ತಿರಲಿಲ್ಲ.

ಪರೀಕ್ಷೆ ಜುಲೈಯಲ್ಲಿ, ಎರಡೇ ದಿನ. ಬರೆಯುವುದು ಏನೂ ಇಲ್ಲ, ಸರಿ ಉತ್ತರದ ಗುಂಡುಸುತ್ತನ್ನು ಪೆನ್ನಿನಿಂದ ತುಂಬಬೇಕು. ಯಾರನ್ನೂ ನಪಾಸು ಮಾಡುವುದಿಲ್ಲವಂತೆ. ಅಕ್ಕೋರು ಮಾದರಿ ಹಾಳೆ ತೆಗೆದುಕೊಂಡು ಮತ್ತೆ ಹಳ್ಳ ದಾಟಿ ಬರುತ್ತಿದ್ದಾರೆ. ಯಾರೂ ಅವರಿಗೆ ಹೇಳಿಲ್ಲ, ತಾವೇ ಬರುತ್ತಾರೆ. ಗುಡಿಗೆ ಹೋಗುವುದಿಲ್ಲ, ನಮ್ಮ ಹಟ್ಟಿಯ ಮುಂದೆ ಕೂರುತ್ತೇವೆ. ಮರಾಠಿಯ ಮಕ್ಕಳು ಮೊದಲು ದೂರ ನಿಂತು ನೋಡಿದರು. ಅಕ್ಕೋರು "ಗುಂಡುಸುತ್ತು ತುಂಬಾಕ ಯಾವ ಭಾಷಾನೂ ಬ್ಯಾಡ್ರೋ, ಬರ್ರಿ" ಎಂದರು. ಬಂದರು. ರುಕ್ಮಾ ಇರಬೇಕಾದ ಜಾಗದಲ್ಲಿ ಅವಳ ತಮ್ಮ ಕೂತಿದ್ದ.

ನಿನ್ನೆ ಅಕ್ಕೋರು ನನ್ನನ್ನು ಕೇಳಿದರು: "ಆ ಹಿಂದವಾಡಿ ಅಜ್ಜಾರು ಆರಾಮ ಅದಾರಿಲ್ಲೋ? ಪರರ ಮಗಳಿಗಾಗಿ ಬಸ್ಸು ಹತ್ತಿ ಬಂದಿದ್ರು ನೋಡು. ಅಂಥಾ ಮಂದಿ ಎಲ್ಲೆ ಸಿಗ್ತಾರ?" ನನ್ನ ಕೈಯಲ್ಲಿದ್ದ ಪೆನ್ನು ಗುಂಡುಸುತ್ತಿನ ಹೊರಗೆ ಹೋಯಿತು. ಆರಾಮ ಇದ್ದಾರೆ ಎಂದೆ.

ನೀವು ಆರಾಮ ಇದ್ದೀರಾ?

ಮಾಯಾ

*

ಹಿಂದವಾಡಿ
12 ಆಗಸ್ಟ್ 2021

ಮಗಳೇ,

ನೀನು ಪಾಸಾದ ಸುದ್ದಿ ಕೇಳಿ ಗಂಗಾದೇವಿ ಹೋಳಿಗೆ ಮಾಡಿದಳು. ಸಮೃದ್ಧಿಯೂ ಪಾಸು. ಇಡೀ ರಾಜ್ಯವೇ ಪಾಸು. ಒಂದು ವರ್ಷ ಪಾಠವನ್ನೇ ಕೊಡದೆ, ಕೊನೆಗೆ ಎಲ್ಲರ ಕೈಗೂ ಒಂದೊಂದು ಕಾಗದ ಕೊಟ್ಟು ಲೆಕ್ಕ ಚುಕ್ತಾ ಮಾಡಿದರು. ಪರೀಕ್ಷೆಗೆ ಹೆಸರೇ ಹೋಗದ ರುಕ್ಮಾಳಂಥವರು ಯಾವ ಲೆಕ್ಕದಲ್ಲೂ ಸೇರಲಿಲ್ಲ. ಹೀಗೆ ಬರೆಯುತ್ತ ಹೋದರೆ ನನ್ನ ಹಳೆಯ ಸಿಟ್ಟು ಚೆನ್ನಾಗಿ ಓಡುತ್ತದೆ. ಆದರೆ ಈಗ ಅದು ಎರಡು ಸಾಲು ಓಡಿ ನನ್ನ ಬಾಗಿಲಿಗೇ ಬಂದು ನಿಲ್ಲುತ್ತದೆ.

ಅದಕ್ಕೇ ಒಂದು ನಿರ್ಧಾರ ಮಾಡಿದ್ದೇನೆ. ಅದೇ ಅಂಕಣಕ್ಕೆ ಇನ್ನೊಂದು ಪತ್ರ ಬರೆದಿದ್ದೇನೆ. ನಾನು ವಿಚಾರಿಸದೆ ಬರೆದೆ, ಒಬ್ಬ ಒಳ್ಳೆಯ ಶಿಕ್ಷಕಿಗೆ ಅನ್ಯಾಯ ಮಾಡಿದೆ, ಏನೂ ಅರಿಯದ ಮಗುವೊಂದರ ಮಾತನ್ನು ನನ್ನ ಹಳೆಯ ಗಾಯಕ್ಕೆ ಬಳಸಿಕೊಂಡೆ ಎಂದು. ನನ್ನ ಹೆಸರು, ವಿಳಾಸ ಎರಡೂ ಇವೆ. ಈ ಸಲ ನಿನ್ನನ್ನು ಕೇಳದೆ ಕಳಿಸುವುದಿಲ್ಲ. ಕಳಿಸಲೇ?

ಅಜ್ಜ

*

ಕುರುಬರ ವಾಡಾ
20 ಆಗಸ್ಟ್ 2021

ಅಜ್ಜಾರಿಗೆ,

ಕಳಿಸಬೇಡಿ. ಪೇಪರಿನಲ್ಲಿ ಬಂದರೆ ಮತ್ತೆ ಜೀಪು ಬರುತ್ತದೆ. ಹೊಗಳಿ ಬರೆದರೂ ಬರುತ್ತದೆ. ಅಕ್ಕೋರು ಈಗ ಹೇಳದೆ ಕೇಳದೆ ಬಂದು ಎರಡೂ ಕಡೆಯ ಮಕ್ಕಳಿಗೆ ಹೇಳುತ್ತಿದ್ದಾರೆ. ಅದನ್ನು ಯಾರೂ ಓದಬಾರದು.

ಇನ್ನೊಂದು. ನೀವು ನನ್ನನ್ನು ಏನೂ ಅರಿಯದ ಮಗು ಎಂದು ಬರೆದಿದ್ದೀರಿ. ಅದು ಖರೇ ಅಲ್ಲ.

ಅಕ್ಕೋರು ಪ್ರತಿಯೊಂದು ಲೆಕ್ಕವನ್ನೂ ಮೊದಲು ಕನ್ನಡದಲ್ಲಿ ಹೇಳಿ, ಆಮೇಲೆ ಮರಾಠಿಯಲ್ಲಿ ಹೇಳುತ್ತಿದ್ದರು. ಮೊದಲ ದಿನದಿಂದಲೂ. ಕನ್ನಡದ್ದು ಮುಗಿದ ಮೇಲೆ ನಾವು ಸುಮ್ಮನೆ ಕೂತಿರುತ್ತಿದ್ದೆವು. ಅಷ್ಟನ್ನೇ ನಾನು ಬರೆದೆ. "ನಮಗೂ ಹೇಳ್ರಿ ಅಕ್ಕೋರ" ಎಂದ ಹುಡುಗ ಆ ದಿನ ತಡವಾಗಿ ಬಂದಿದ್ದ. ಅವನಿಗೂ ಅವರು ಮತ್ತೆ ಮೊದಲಿನಿಂದ ಹೇಳಿದರು. ಅದನ್ನೂ ಬರೆಯಲಿಲ್ಲ.

ತಿಳಿಯದೆ ಬಿಟ್ಟಿದ್ದಲ್ಲ. ನಿಮ್ಮ ಪಡಸಾಲೆಯಲ್ಲಿ ಪೇಪರು ಓದುವಾಗ ನೋಡಿದ್ದೆ. ನಾನು ತಪ್ಪಿಲ್ಲದೆ ಓದಿದರೆ ನೀವು ಶಹಾಬಾಸ್ ಎಂದು ಕಣ್ಣು ಮುಚ್ಚುತ್ತಿದ್ದಿರಿ. ಕನ್ನಡಕ್ಕೆ ಅನ್ಯಾಯವಾದ ಸುದ್ದಿ ಬಂದರೆ ಕುರ್ಚಿ ಎಳೆದುಕೊಂಡು, ಅತ್ತಿಯ ಕೆಲಸ ಮುಗಿದರೂ ಬಿಡದೆ ನನ್ನ ಜೊತೆ ಮಾತಾಡುತ್ತಿದ್ದಿರಿ. ದೊಡ್ಡವರ ಜೊತೆ ಮಾತಾಡಿದ ಹಾಗೆ. ವಾಡಾಕ್ಕೆ ಬಂದ ಮೇಲೆ ನನ್ನ ಜೊತೆ ಹಾಗೆ ಮಾತಾಡುವವರು ಯಾರೂ ಇರಲಿಲ್ಲ. ನಿಮ್ಮಿಂದ ಉದ್ದ ಪತ್ರ ಬೇಕಾಗಿತ್ತು. ಏನು ಬರೆದರೆ ಬರುತ್ತದೆ ಎಂದು ನನಗೆ ಗೊತ್ತಿತ್ತು. ಪೇಪರಿಗೆ ಬರೆಯುತ್ತೀರಿ ಎಂದು ಗೊತ್ತಿರಲಿಲ್ಲ.

ಜೀಪು ಬಂದ ದಿನ ಸಾಹೇಬರು ಮಕ್ಕಳನ್ನೂ ಕೇಳಿದರು, ಅಕ್ಕೋರು ಕನ್ನಡದಲ್ಲಿ ಹೇಳುತ್ತಾರೋ ಇಲ್ಲವೋ ಎಂದು. ರುಕ್ಮಾ ಎದ್ದು ನಿಂತು ಹೇಳುತ್ತಾರೆ ಎಂದಳು, ಕನ್ನಡದಲ್ಲಿಯೇ. ನಾನು ತಲೆ ತಗ್ಗಿಸಿ ಕೂತಿದ್ದೆ. ಆಗಲಾದರೂ ಬಾಯಿ ತೆರೆದಿದ್ದರೆ ಆಗುತ್ತಿತ್ತೇನೋ.

ಅಕ್ಕೋರು ನನ್ನನ್ನು ಖಾನಾಪುರದ ಕಾಲೇಜಿಗೆ ಹಚ್ಚಿದ್ದಾರೆ. ಹಾಸ್ಟೆಲ್ ಸಿಗಲಿಲ್ಲ. ಪಾರಿಶ್ವಾಡದ ತಮ್ಮ ಮನೆಯಲ್ಲಿಯೇ ಇರು, ದಿನಾ ಬಸ್ಸಿಗೆ ಹೋಗಿ ಬಾ ಎಂದಿದ್ದಾರೆ. ಬೆಳಗಾವಿಗೆ ಪತ್ರ ಬರೆದವಳು ನಾನೆಂದು ವಾಡಾದವರು ಆಗಲೇ ಅವರಿಗೆ ಹೇಳಿದ್ದರಂತೆ. ಅವರು ನಂಬಲಿಲ್ಲ. "ನನ್ನ ಕೂಸು ಹಂಗ ಬರಿಯೂದಿಲ್ಲ" ಎಂದು ಎಲ್ಲರೊಂದಿಗೆ ಜಗಳಾಡಿದರಂತೆ. ಅದನ್ನು ಅಪ್ಪ ನನಗೆ ಮೊನ್ನೆ ಹೇಳಿದ.

ನಾನು ಚೀಲ ಹೊತ್ತು ಆ ಮನೆಯೊಳಗೆ ಹೋಗುವ ಮುಂಚೆ ಅವರಿಗೆ ಹೇಳಬೇಕು. ಹೇಳಿದ ಮೇಲೆ ಒಳಗೆ ಬಾ ಎನ್ನುತ್ತಾರೋ ಇಲ್ಲವೋ ಗೊತ್ತಿಲ್ಲ. ಒಬ್ಬಳೇ ಹೋಗಲು ಧೈರ್ಯವಿಲ್ಲ. ನಿಮಗೂ ಇರಲಿಲ್ಲ ಎಂದು ನೀವೇ ಬರೆದಿದ್ದೀರಿ. ಅದಕ್ಕೇ ಕೇಳುತ್ತಿದ್ದೇನೆ.

ಬರುವ 29ಕ್ಕೆ ರವಿವಾರ. ಅಕ್ಕೋರು ಮನೆಯಲ್ಲಿ ಇರುತ್ತಾರೆ. ನಾನು ಮುಂಜಾನೆ ಖಾನಾಪುರದ ಬಸ್ ಸ್ಟ್ಯಾಂಡಿನಲ್ಲಿ, ಪಾರಿಶ್ವಾಡದ ಬಸ್ಸು ನಿಲ್ಲುವಲ್ಲಿ ನಿಂತಿರುತ್ತೇನೆ. ನೀವು ಬಂದರೆ ಕೂಡಿ ಹೋಗೋಣ. ಮೊದಲು ನೀವು ಹೇಳಿರಿ, ಆಮೇಲೆ ನಾನು ಹೇಳುತ್ತೇನೆ. ಆದರೆ ಅಜ್ಜಾರ, ನಿಮ್ಮದನ್ನು ಹೇಳುವಾಗ ನನ್ನ ಪಾಲನ್ನೂ ನಿಮ್ಮ ಮೇಲೆ ಹಾಕಿಕೊಳ್ಳಬೇಡಿ.

ಮಾಯಾ